ಅಜ್ಜಿಯ ತವರಿನ ಕಟ್ಟೆ

ಹೊಳೆ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬಿತ್ತು. ಗದ್ದೆಯ ಬದುವಿನ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆಯುತ್ತಿದ್ದೆವು. ಎಲ್ಲರಿಗಿಂತ ಮುಂದೆ ನಮ್ಮ ಎದುರುಮನೆಯ ಅಜ್ಜಿ, ಅವರ ಸೆರಗು ಹಿಡಿದು ನನ್ನ ಆರು ವರ್ಷದ ಮಗಳು. ಕಾರ್ತಿಕ ಮುಗಿಯುತ್ತ ಬಂದಿದ್ದ ಒಂದು ಭಾನುವಾರದ ಬೆಳಗ್ಗೆ. ಕಾಳು ಬಲಿತ ಭತ್ತದ ತೆನೆ ಎರಡೂ ಕಡೆಯಿಂದ ಬದುವಿನ ಮೇಲೆ ಬಾಗಿತ್ತು. ಹತ್ತು ಹೆಜ್ಜೆ ಇಡುವುದರೊಳಗೆ ಮೊಣಕಾಲಿನವರೆಗೆ ಇಬ್ಬನಿಯಲ್ಲಿ ತೊಯ್ದುಹೋಗಿದ್ದೆವು. ಮಗಳು ತಟ್ಟನೆ ನಿಂತು, “ಅಮ್ಮಾ, ಮಳೆ ಬರ್ತಿದೆ” ಎಂದಳು. ತಲೆಯ ಮೇಲೆ ಒಂದು ತುಣುಕು ಮೋಡವೂ ಇರಲಿಲ್ಲ. ಆದರೂ ದೂರದಲ್ಲಿ ಹೆಂಚಿನ ಮೇಲೆ ಬಿಡದೆ ಮಳೆ ಹೊಯ್ಯುವಂಥ ಸದ್ದು ನಮಗೆಲ್ಲರಿಗೂ ಕೇಳುತ್ತಿತ್ತು.

ಅಜ್ಜಿ ತಿರುಗಿ ನೋಡಿದರು. “ಮಳೆ ಅಲ್ಲ ಕನ್ ಮಗ, ಕಟ್ಟೆ ಸದ್ದು ಅದು. ಒಳೆ ಕಟ್ಟೆ ಮೇಲಿಂದ ಬೀಳ್ತಾ ಅದೆ. ನಾನು ಉಟ್ದಾಗಿಂದ ಕೇಳಿದ್ದೀನಿ ಈ ಸದ್ದ. ಮದುವೆ ಆಗಿ ಮೈಸೂರ್ಗೆ ಬಂದ್ಮೇಲೆ ಆರ್ ತಿಂಗ್ಳು ನಿದ್ದೆ ಬರ್ನಿಲ್ಲ ನಂಗೆ, ಈ ಸದ್ದಿಲ್ದೆ.”

ಮೈಸೂರಿನ ನಮ್ಮ ಬೀದಿಯಲ್ಲಿ ರಜೆ ಬಂತೆಂದರೆ ಮಾತೆಲ್ಲ ನಾಗರಹೊಳೆಯದು. ಹುಣಸೂರು ದಾಟಿ, ವೀರನಹೊಸಹಳ್ಳಿ ಗೇಟಿನಲ್ಲಿ ಸಾಲು ನಿಂತು, ಸಫಾರಿ ಗಾಡಿ ಹತ್ತಿ ಬಂದವರೇ ಎಲ್ಲರೂ. ಮೈಸೂರಿನ ಮಹಾರಾಜರು ಬೇಟೆಯಾಡುತ್ತಿದ್ದ ಆ ಕಾಡು 1955ರಲ್ಲಿ ಅಭಯಾರಣ್ಯವಾಯಿತು, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಇವತ್ತು ಹುಲಿ ಎಂದರೆ ನಮ್ಮ ಕಡೆಯ ಮಕ್ಕಳಿಗೆ ನಾಗರಹೊಳೆಯೇ. ನಾವೂ ಹೋಗಿದ್ದೆವು. ಗಾಡಿ ನಿಂತಾಗಲೆಲ್ಲ ಪಿಸುಮಾತು, ಬೆರಳು ತೋರಿಸುವುದು, ಮತ್ತೆ ಹೊರಡುವುದು. ಬೊಂಬಿನ ಮೆಳೆಯ ಹಿಂದೆ ಆನೆಯ ಬೆನ್ನು ಕಂಡಾಗ ಮಗಳು ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಆ ಕಥೆಯನ್ನು ಜಗಲಿಯ ಮೇಲೆ ಕುಳಿತು ಹೇಳುತ್ತಿದ್ದಾಗ ಅಜ್ಜಿ ಸೊಪ್ಪು ಸೋಸುತ್ತ ಅಂದರು: “ಆನೆ, ಉಲಿ ನೋಡದು ಇದ್ದದ್ದೇ ಕನವ್ವ. ಮಕ್ಳು ನೆಲ ಮುಟ್ಬೇಕು. ಗಾಡೀಲಿ ಕುಂತ್ರೆ ಏನ್ ಮುಟ್ದಂಗಾಯ್ತು? ಒಂದ್ ದಪ ನಮ್ಮೂರ್ ಕಟ್ಟೆಗೆ ಬನ್ನಿ.”

ಹಾಗೆ ನಾಲ್ಕು ಮನೆಯವರು ಸೇರಿ ಒಂಬತ್ತು ಜನ ಹೊರಟೆವು. ಅಜ್ಜಿ, ನಾವು ಮೂವರು, ಪಕ್ಕದ ಮನೆಯ ವಿಜ್ಞಾನದ ಮೇಷ್ಟ್ರು ಮತ್ತು ಅವರ ಮನೆಯವರು, ಮಹಡಿಮನೆಯ ಗಂಡಹೆಂಡತಿ ಮತ್ತು ಅವರ ಒಂಬತ್ತು ವರ್ಷದ ಹುಡುಗ. ಮೈಸೂರಿನಿಂದ ಹುಣಸೂರಿಗೆ ಸುಮಾರು 45 ಕಿಲೋಮೀಟರು. ಬಿಳಿಕೆರೆ ಕಳೆಯುತ್ತಿದ್ದಂತೆ ಹೊಲಗಳ ನಡುವೆ ಎತ್ತರದ ಗೋಡೆಯ, ಕಿಟಕಿಯಿಲ್ಲದ ಹೊಗೆಸೊಪ್ಪಿನ ಬ್ಯಾರನ್‌ಗಳು ಕಾಣತೊಡಗಿದವು. ಕರ್ನಾಟಕದ ವರ್ಜೀನಿಯಾ ಹೊಗೆಸೊಪ್ಪಿನ ಸೀಮೆ ಇದು: ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ. ಬೇಯಿಸುವ ಕೆಲಸ ಮುಗಿದಿದ್ದರೂ ಬ್ಯಾರನ್‌ಗಳ ಪಕ್ಕ ಉಳಿದ ಸೌದೆಯ ರಾಶಿ ಹಾಗೇ ಇತ್ತು. ಆ ರಾಶಿಗಳನ್ನು ನೋಡಿದಾಗಲೆಲ್ಲ ನನಗೆ ಒಂದು ಕಾಲಕ್ಕೆ ನಿಂತಿದ್ದ ಮರಗಳ ನೆನಪಾಗುತ್ತದೆ. ಕಟ್ಟೆಮಳಲವಾಡಿಯಲ್ಲಿ ಅಜ್ಜಿಯ ತಮ್ಮನ ಮನೆಯಲ್ಲಿ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಆ ವರ್ಷದ ಮೊದಲ ಅವರೆಕಾಯಿ ಸಾರು. ಉಂಡು ಕೈ ತೊಳೆದವರೇ ಬದು ಹಿಡಿದೆವು.

ಕೊನೆಯ ಗದ್ದೆ ದಾಟಿ ಹೊಂಗೆಮರಗಳ ಸಾಲು ಬಿಟ್ಟು ಹೊರಬಂದಾಗ ಕಟ್ಟೆ ಎದುರಿಗೇ ಇತ್ತು. ಹೊಳೆಗೆ ಅಡ್ಡಲಾಗಿ, ಈ ದಡದಿಂದ ಆ ದಡಕ್ಕೆ. ಮೇಲಿನ ಕಡೆ ನೀರು ಅಲುಗದೆ ಹಸಿರಾಗಿ ನಿಂತು ಆಕಾಶವನ್ನು ಹೊತ್ತುಕೊಂಡಿತ್ತು. ಕೆಳಗಿನ ಕಡೆ ಅದೇ ನೀರು ಬೆಳ್ಳಗೆ ಒಡೆದು ಹಬೆಯಾಡುತ್ತಿತ್ತು. ಎರಡಕ್ಕೂ ನಡುವೆ ಕಟ್ಟೆಯ ನೆತ್ತಿ. ಅಲ್ಲಿ ನೀರು ಗಾಜಿನ ಹಾಗೆ ಬಾಗಿ, ಒಂದು ಕ್ಷಣ ಅಲ್ಲೇ ನಿಂತಂತೆ ಕಂಡು, ಜಾರುತ್ತಿತ್ತು. ಯಾರೂ ಮಾತಾಡಲಿಲ್ಲ. ಮಗಳು ನನ್ನ ಕೈ ಬಿಟ್ಟು ಎರಡೂ ಕಿವಿ ಮುಚ್ಚಿಕೊಂಡಳು, ಬಿಟ್ಟಳು, ಮತ್ತೆ ಮುಚ್ಚಿಕೊಂಡಳು. ಸದ್ದು ಇರುವ ಹೊಳೆಯನ್ನೂ ಇಲ್ಲದ ಹೊಳೆಯನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಿದ್ದಳು. ನಾನೂ ಹಾಗೆ ಮಾಡಿ ನೋಡಿದೆ. ಕಿವಿ ಮುಚ್ಚಿದರೆ ನೀರು ನಿಧಾನವಾಗಿ ಬೀಳುವಂತೆ ಕಾಣುತ್ತದೆ!

ಲಕ್ಷ್ಮಣತೀರ್ಥ ಇದು. ದಕ್ಷಿಣ ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟಿ, ಇರ್ಪುವಿನಲ್ಲಿ ಬಂಡೆಯಿಂದ ಬಂಡೆಗೆ ಜಿಗಿದು, ಕಾಡಂಚಿನಲ್ಲಿ ಹರಿದು, ಹನಗೋಡಿನಲ್ಲಿ ಒಂದು ಅಣೆಕಟ್ಟೆಗೆ ಮೈಕೊಟ್ಟು, ಹುಣಸೂರು ಹಾಯ್ದು ಇಲ್ಲಿಗೆ ಬರುತ್ತದೆ. ರಾಮನಿಗೆ ಬಾಯಾರಿದಾಗ ಲಕ್ಷ್ಮಣ ಬಾಣ ಬಿಟ್ಟು ಬೆಟ್ಟದಿಂದ ತೆಗೆದ ನೀರು ಎಂಬುದು ಇರ್ಪುವಿನ ಕಥೆ. ಮಹಡಿಮನೆಯ ಹುಡುಗ, “ಹಾಗಾದ್ರೆ ಇದೂ ಕೆಆರ್‌ಎಸ್ ಥರ ಡ್ಯಾಮಾ ಸಾರ್?” ಎಂದು ಮೇಷ್ಟ್ರನ್ನು ಕೇಳಿದ. ಮೇಷ್ಟ್ರು ಅಲ್ಲೇ ಕುಕ್ಕರಗಾಲಲ್ಲಿ ಕುಳಿತು ಕಡ್ಡಿಯಲ್ಲಿ ನೆಲದ ಮೇಲೆ ಗೀಚಿ ತೋರಿಸಿದರು. ಕೆಆರ್‌ಎಸ್, ಅಂದರೆ ಕನ್ನಂಬಾಡಿ ಕಟ್ಟೆ, 49 ಟಿಎಂಸಿ ನೀರನ್ನು ಹಿಡಿದು ಕೂಡಿಡುತ್ತದೆ. ಈ ಕಟ್ಟೆಗೆ ಕೂಡಿಡುವ ಆಸೆಯಿಲ್ಲ. ಹೊಳೆಯ ಮಟ್ಟವನ್ನು ಒಂದಷ್ಟು ಎತ್ತರಿಸಿ, ಪಕ್ಕದ ತೂಬಿನಿಂದ ನಾಲೆಗೆ ಬೇಕಾದಷ್ಟನ್ನು ತಿರುಗಿಸಿ, ಮಿಕ್ಕಿದ್ದನ್ನು ತಲೆಯ ಮೇಲಿಂದಲೇ ಮುಂದಿನ ಊರಿಗೆ ಬಿಟ್ಟುಕೊಡುತ್ತದೆ. ನಾವು ನಡೆದು ಬಂದ ಗದ್ದೆಗಳೆಲ್ಲ ಆ ತಿರುಗಿಸಿದ ನೀರಿನವು. ನದಿಯಿಂದ ಬೇಡಿಕೊಳ್ಳುವ ರೀತಿಗಳಲ್ಲಿ ಇದಕ್ಕಿಂತ ಮರ್ಯಾದೆಯದನ್ನು ನಾನು ಕಂಡಿಲ್ಲ.

“ಅಗೋ ಅಕ್ಕಿ ನೋಡ್ ಮಗ, ಕಟ್ಟೆ ಮ್ಯಾಲೆ!” ಅಜ್ಜಿ ಕೂಗಿದರು. ಮಗಳು ಬಗ್ಗಿ ನೆಲ ಹುಡುಕಿದಳು. “ಎಲ್ಲಿ ಅಜ್ಜಿ ಅಕ್ಕಿ? ಚೆಲ್ಲಿದ್ಯಾ?” ಹಕ್ಕಿಯೇ ಅಕ್ಕಿ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವಳು ದಿನವಿಡೀ “ಅಕ್ಕಿ, ಒಳೆ” ಎಂದೇ ಮಾತಾಡಿದಳು, ನಾವು ತಿದ್ದಲಿಲ್ಲ. ಬಂಡೆಯ ಮೇಲೆ ನೀರುಕಾಗೆಯೊಂದು ಎರಡೂ ರೆಕ್ಕೆ ಬಿಚ್ಚಿ, ತಂತಿಗೆ ಹಾಕಿದ ಬಟ್ಟೆಯ ಹಾಗೆ ಒಣಗುತ್ತ ನಿಂತಿತ್ತು. ಅದರ ಗರಿ ಬಾತುಕೋಳಿಯ ಗರಿಯ ಹಾಗಲ್ಲ, ನೆನೆಯುತ್ತದೆ. ನೆನೆದು ಭಾರವಾಗುವುದರಿಂದಲೇ ಅದು ಸಲೀಸಾಗಿ ಮುಳುಗಿ ಮೀನಿನ ಹಿಂದೆ ಓಡಬಲ್ಲದು. ಆ ಲಾಭಕ್ಕೆ ಪ್ರತಿಯಾಗಿ ಹೀಗೆ ಬಿಸಿಲು ಕಾಯಬೇಕು. ಕಟ್ಟೆಯ ಅಂಚಿನ ಪಾಚಿಯ ಮೇಲೆ ಎದೆ ಹಳದಿಯಾದ ಪುಟ್ಟ ಕುಂಡೆಕುಸ್ಕ ಬಾಲ ಕುಣಿಸುತ್ತ ಓಡಾಡುತ್ತಿತ್ತು. ಇದು ಹಿಮಾಲಯದ ಕಡೆಯಿಂದ ಚಳಿಗಾಲ ಕಳೆಯಲು ಬಂದದ್ದು ಎಂದು ಮೇಷ್ಟ್ರು ದುರ್ಬೀನು ಕೊಟ್ಟರು. ಅಷ್ಟು ದೂರದಿಂದ ಒಬ್ಬಂಟಿ ಹಾರಿಬಂದು ಕಟ್ಟೆಮಳಲವಾಡಿಯ ಒಂದು ಕಲ್ಲನ್ನು ಆರಿಸಿಕೊಂಡಿತ್ತು ಒಂದು ಹಿಡಿಯಷ್ಟೂ ಇಲ್ಲದ ಜೀವ. ನಾನು ದುರ್ಬೀನನ್ನು ಬಹಳ ಹೊತ್ತು ಹಿಂದಿರುಗಿಸಲಿಲ್ಲ.

ಅಂದುಕೊಂಡದ್ದು ಹೊಳೆಯ ದಡದಲ್ಲಿ ಒಂದೆರಡು ಕಿಲೋಮೀಟರು ನಡೆದು ಮಧ್ಯಾಹ್ನಕ್ಕೆ ವಾಪಸು ಬರುವುದು. ಮಕ್ಕಳು ಅದಕ್ಕೆ ಒಪ್ಪಲಿಲ್ಲ. ಮೊದಲ ಇನ್ನೂರು ಹೆಜ್ಜೆಗೇ ಒಂದು ಗಂಟೆಯಾಯಿತು. ಅದಕ್ಕೆ ಕಾರಣ ಒಂದು ಹುಳ.

ದೊಡ್ಡ ಆಲದಮರದ ಬುಡದಲ್ಲಿ, ಮಳೆ ಬೀಳದ ಜಾಗದಲ್ಲಿ, ಹಿಟ್ಟಿನಂಥ ಒಣ ಮರಳಿತ್ತು. ಅದರ ತುಂಬ ಆಲಿಕೆಯಂಥ ಗುಳಿಗಳು, ದುಂಡಗೆ, ಅಚ್ಚು ಒತ್ತಿದ ಹಾಗೆ. ಮಗಳು ಮೊಣಕಾಲೂರಿ ಕೂತಳು. ಅದೇ ಹೊತ್ತಿಗೆ ಒಂದು ಕೆಂಪಿರುವೆ ದಾರಿ ತಪ್ಪಿ ಅಂಚಿಗೆ ಬಂತು. ಅಂಚು ಜಾರಿತು. ಇರುವೆ ಮೇಲೆ ಹತ್ತಲು ಕಾಲು ಬಡಿದಷ್ಟೂ ಮರಳು ಅದರ ಕಾಲಡಿಯಿಂದಲೇ ಕುಸಿಯುತ್ತಿತ್ತು. ಇನ್ನೇನು ಹತ್ತಿತು ಅನ್ನುವಾಗ ಗುಳಿಯ ತಳದಿಂದ ಯಾರೋ ಮೊರದಲ್ಲಿ ಎರಚಿದ ಹಾಗೆ ಮರಳಿನ ಕಣಗಳು ಚಿಮ್ಮಿ ಅದರ ಮೈಮೇಲೆ ಬಿದ್ದವು. ಮತ್ತೊಂದು ಎರಚು. ಇರುವೆ ಉರುಳಿತು. ತಳದಲ್ಲಿ ಎರಡು ಇಕ್ಕಳದ ಮೊನೆ ಕಂಡು ಮಾಯವಾಯಿತು, ಇರುವೆಯೂ ಮಾಯ. ಗುಳಿ ಮೊದಲಿನಂತೆ ಸುಮ್ಮನಾಯಿತು. ಮಗಳು ಉಸಿರು ಬಿಗಿಹಿಡಿದಿದ್ದಳು. ಅಳುತ್ತಾಳೇನೋ ಎಂದುಕೊಂಡೆ. ಅವಳು ಕೇಳಿದ್ದು, “ಒಳಗೆ ಯಾರಿದಾರೆ?”

ಅಜ್ಜಿ ಪಕ್ಕದಲ್ಲಿ ಕುಳಿತು, ಇನ್ನೊಂದು ಗುಳಿಯ ಕೆಳಗೆ ಅಂಗೈ ತೂರಿಸಿ ಮರಳನ್ನು ಮೇಲೆತ್ತಿ, ಬೆರಳ ಸಂದಿನಿಂದ ಸೋಸಿದರು. ಅಂಗೈಯಲ್ಲಿ ಉಳಿದದ್ದು ಒಂದು ಕಾಳಿನಷ್ಟು ದಪ್ಪದ, ಮರಳಿನದೇ ಬಣ್ಣದ, ಡೊಳ್ಳುಹೊಟ್ಟೆಯ ಹುಳ. ಕೊಂಚ ಹೊತ್ತು ಸತ್ತಂತೆ ಬಿದ್ದಿತ್ತು. ಆಮೇಲೆ ಹಿಂದಕ್ಕೆ ನಡೆಯತೊಡಗಿತು. ಅದಕ್ಕೆ ಹಿಂದಕ್ಕೆ ಮಾತ್ರ ನಡೆಯಲು ಬರುತ್ತದೆ. ಹಾಗೆ ಹಿಂದಕ್ಕೆ ಸುತ್ತುತ್ತ ಸುತ್ತುತ್ತಲೇ ಗುಳಿ ತೋಡುತ್ತದೆ. ಒಣ ಮರಳು ಎಷ್ಟು ಕಡಿದಾಗಿ ನಿಲ್ಲಬಲ್ಲದೋ ಅಷ್ಟಕ್ಕೇ ಗೋಡೆಯನ್ನು ತಂದು ನಿಲ್ಲಿಸುತ್ತದೆ. ಹಾಗಾಗಿ ಇರುವೆಯ ಭಾರವೊಂದೇ ಸಾಕು, ಗೋಡೆ ಕುಸಿಯಲು. ಒಂದು ದಿನ ಇದೇ ಹುಳ ಮರಳಿನ ಉಂಡೆ ಕಟ್ಟಿಕೊಂಡು ಒಳಗೆ ಮಲಗಿ, ಏರೋಪ್ಲೇನ್ ಚಿಟ್ಟೆಯಂಥ ನಾಲ್ಕು ತೆಳು ರೆಕ್ಕೆ ಹೊತ್ತು ಹೊರಬರುತ್ತದೆ ಎಂದು ಮೇಷ್ಟ್ರು ಹೇಳಿದಾಗ ಮಹಡಿಮನೆಯ ಹುಡುಗ ನಂಬಲಿಲ್ಲ. ಮಗಳು ನಂಬಿದಳು. ಹುಳವನ್ನು ಅದರ ಮರಳಿಗೇ ಬಿಟ್ಟೆವು. ಎಲ್ಲರೂ ನೋಡುತ್ತಿದ್ದ ಹಾಗೇ ಅದು ಹಿಮ್ಮುಖವಾಗಿ ಇಳಿದು ಕಾಣದಾಯಿತು.

ನನಗೆ ಆ ಹೊತ್ತಿಗೆ ಫ್ರಾನ್ಸಿಸ್ ಬುಕಾನನ್ ನೆನಪಾದ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಲು ಬಂದ ವೈದ್ಯ ಅವನು, ಸಸ್ಯಶಾಸ್ತ್ರ ಬಲ್ಲವನು. ಪಿರಿಯಾಪಟ್ಟಣದವರೆಗೂ ಬಂದಿದ್ದ. ಯಾವ ಊರಿನಲ್ಲಿ ಯಾವ ಮಣ್ಣು, ಯಾವ ಬೆಳೆ, ಯಾವ ಮರ ಎಂದು ದಿನದಿನವೂ ಬರೆದಿಟ್ಟದ್ದು 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ದಿನಕ್ಕೆ ಕೆಲವೇ ಮೈಲಿ ಸಾಗುತ್ತಿದ್ದವನಾದ್ದರಿಂದ ಅಷ್ಟು ಕಂಡ. ಮಗುವಿನ ಜೊತೆ ನಡೆದರೆ ಅದಕ್ಕಿಂತಲೂ ನಿಧಾನ, ಅದಕ್ಕಿಂತಲೂ ಹೆಚ್ಚು ಕಾಣುತ್ತದೆ. ಇದೇ ಕಾಲುದಾರಿಯಲ್ಲಿ ನಾನೊಬ್ಬಳೇ ಬಂದಿದ್ದರೆ ಆ ಮರಳನ್ನು ತುಳಿದುಕೊಂಡೇ ಹೋಗುತ್ತಿದ್ದೆ.

ಮುಂದೆ ನೀರಿನ ಮೇಲೆ ಬಾಗಿದ ಈಚಲಿನಲ್ಲಿ ಗೀಜಗನ ಗೂಡುಗಳು ತೂಗುತ್ತಿದ್ದವು, ಎಣಿಸಿದರೆ ಹದಿನೇಳು. ಮರಿ ಮಾಡುವ ಕಾಲ ಮುಗಿದು ಗೂಡು ಖಾಲಿಯಾಗಿದ್ದವು. ಒಂದು ಗೂಡು ಕೆಳಗೆ ಹುಲ್ಲಿನಲ್ಲಿ ಬಿದ್ದಿತ್ತು. ಮಗಳು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, “ಹಗುರ!” ಎಂದಳು. ನಿಜ, ಊದಿದರೆ ಹಾರುವಂತಿತ್ತು. ಆದರೆ ಎಳೆದರೆ ಹರಿಯದು. ಭತ್ತದ ಗರಿ, ಈಚಲ ಗರಿ. ಗರಿಯ ಅಂಚಿನಲ್ಲಿ ಕೊಕ್ಕಿನಿಂದ ಒಂದು ಕಚ್ಚು ಹಾಕಿ, ತುದಿ ಕಚ್ಚಿಕೊಂಡು ಹಾರಿದರೆ ನೂಲಿನಂಥ ಸೀಳು ಬಿಟ್ಟುಬರುತ್ತದೆ. ಹಾಗೆ ನೂರಾರು ಸಲ. ನೇಯುವುದು ಗಂಡು. ಅರ್ಧ ನೇಯ್ದು ನಿಲ್ಲಿಸಿ, ರೆಕ್ಕೆ ಬಡಿದು ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಬಂದು ಒಳಹೊಕ್ಕು ಎಳೆದು ಜಗ್ಗಿ ನೋಡಿ ಒಪ್ಪಿದರೆ ಮಾತ್ರ ಉಳಿದರ್ಧ, ಕೊಳವೆಯಂಥ ಬಾಗಿಲು. ಒಪ್ಪದಿದ್ದರೆ ಆ ಗೂಡು ಅಷ್ಟಕ್ಕೇ ನಿಲ್ಲುತ್ತದೆ. ಹದಿನೇಳರಲ್ಲಿ ನಾಲ್ಕು ಹಾಗೆ ಅರ್ಧಕ್ಕೇ ನಿಂತಿದ್ದವು. ಟೊಪ್ಪಿಗೆಯ ಹಾಗೆ, ಬಾಗಿಲಿಲ್ಲದೆ.

ಬಿದ್ದ ಗೂಡಿನ ಒಳಗೋಡೆಗೆ ಮೆತ್ತಿದ್ದ ಒಣ ಮಣ್ಣಿನ ಗಟ್ಟಿಗೆ ಮಗಳ ಬೆರಳು ತಾಗಿತು. ಗೀಜಗ ಮಿಂಚುಹುಳ ತಂದು ಆ ಮಣ್ಣಿಗೆ ಅಂಟಿಸಿ ದೀಪ ಮಾಡಿಕೊಳ್ಳುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದದ್ದು ಈ ಮಣ್ಣಿನ ಬಗ್ಗೆಯೇ. ದೀಪದ ಮಾತು ಕಥೆ, ಮಣ್ಣು ಮಾತ್ರ ನಿಜ. ಹಸಿಮಣ್ಣನ್ನು ಕೊಕ್ಕಿನಲ್ಲಿ ತಂದು ಮೆತ್ತುವುದು ಆ ಗಂಡು ಹಕ್ಕಿಯೇ. ಯಾವ ಕೆರೆ ಅಂಚಿನದೋ, ಈ ಹೊಳೆಯದೋ. ಮಗಳು ಗೂಡನ್ನು ಮನೆಗೆ ತರುತ್ತೇನೆಂದಳು. ಅಜ್ಜಿ ಬೇಡ ಎಂದರು: “ಬ್ಯಾರೆ ಅಕ್ಕಿ ಬತ್ತವೆ ಮಗ, ಬಾಡ್ಗೆಗೆ.” ಅದೂ ನಿಜವೇ. ರಾಟವಾಳಗಳು ಗೀಜಗನ ಹಳೇ ಗೂಡಿನಲ್ಲಿ ಸಂಸಾರ ಹೂಡುತ್ತವೆ. ಹುಡುಗ ಗೂಡನ್ನು ಒಂದು ಲಕ್ಕಿಗಿಡದ ಕವಲಿನಲ್ಲಿ ಸಿಕ್ಕಿಸಿದ.

ಬಿಸಿಲೇರಿತ್ತು. ಕಟ್ಟೆಯ ಕೆಳಗೆ, ನೀರು ಕಾಲ್ಗಂಟಿಗೆ ಬರುವ ಕಡೆ, ಹೊಳೆಮತ್ತಿಯ ನೆರಳಿನಲ್ಲಿ ಒಂದು ತುಂಡು ಮರಳ ದಂಡೆ. ಅಜ್ಜಿಯ ತಮ್ಮ ಅದನ್ನು ತೋರಿಸಿ, “ಇಷ್ಟೇಯ ಉಳಿದಿರದು. ಮೊದ್ಲು ಉದ್ದಕ್ಕೂ ಮಳ್ಳೇ ಇತ್ತು, ಬೆಳ್ಳಗೆ” ಎಂದರು. ಊರಿನ ಹೆಸರು ಆಗ ನನ್ನ ಕಿವಿಯಲ್ಲಿ ಬಿಡಿಸಿಕೊಂಡಿತು. ಮಳಲು ಎಂದರೆ ಹಳಗನ್ನಡದಲ್ಲಿ ಮರಳು. ಕಟ್ಟೆಯೂ ಮಳಲೂ ಎರಡೂ ಹೆಸರಿನಲ್ಲೇ ಇವೆ.

ಅಜ್ಜಿ ಸೀರೆ ಎತ್ತಿ ಸಿಕ್ಕಿಸಿಕೊಂಡು ನೀರಿನಿಂದ ಎರಡು ಮಾರು ದೂರ ಕುಳಿತು ಅಂಗೈಯಲ್ಲಿ ಮರಳು ತೋಡತೊಡಗಿದರು. ಎಪ್ಪತ್ತು ದಾಟಿದ ಕೈ, ಆದರೆ ಕೆಲಸ ಅದಕ್ಕೆ ಮರೆತಿರಲಿಲ್ಲ. ಮಕ್ಕಳಿಬ್ಬರೂ ಎದುರು ಕುಳಿತು ತೋಡಿದರು. ಒಂದು ಗೇಣು, ಒಂದೂವರೆ ಗೇಣು. ತಳ ಕಪ್ಪಗಾಯಿತು, ಹಸಿಯಾಯಿತು, ಆಮೇಲೆ ಯಾರೂ ಸುರಿಯದೆ ನೀರು ಕಾಣಿಸಿತು. ಮೊದಲು ಕದಡಿದ ನೀರು. ಅದನ್ನು ಅಜ್ಜಿ ಬೊಗಸೆಯಲ್ಲಿ ಮೊಗೆದು ಚೆಲ್ಲಿದರು. ಮತ್ತೆ ತುಂಬಿತು, ಮತ್ತೆ ಚೆಲ್ಲಿದರು. ಮೂರನೇ ಸಲಕ್ಕೆ ತಳದ ಒಂದೊಂದು ಮರಳಿನ ಕಣವೂ ಎಣಿಸುವ ಹಾಗೆ ತಿಳಿಯಾಯಿತು. ಪುಟ್ಟ ಬಾಯಿ ತೆರೆದಂತೆ ಅಲ್ಲಲ್ಲಿ ಕಣಗಳು ಕುಣಿಯುತ್ತಿದ್ದವು, ಕೆಳಗಿನಿಂದ ನೀರು ಒತ್ತುವ ಜಾಗ. “ಇದು ಒರತೆ ಕನ್ ಮಗ. ಬೆಳಿಗ್ಗೆ ಎದ್ದು ನಾನು, ನಮ್ಮಕ್ಕ, ಬಿಂದಿಗೆ ತಂದು ಹಿಂಗೇ ತೋಡಿ ತುಂಬ್ಸೋವು. ಒಳೆ ನೀರು ಮೈಗೆ, ಒರತೆ ನೀರು ಬಾಯ್ಗೆ.”

ಮಗಳು ಬೊಗಸೆ ಹಿಡಿದು ಬಾಯಿಗೆ ತಂದಳು. ಅಜ್ಜಿ ಅಷ್ಟೇ ಬೇಗ ಅವಳ ಮಣಿಕಟ್ಟು ಹಿಡಿದರು.

“ಈಗ ಕುಡೀಬಾರ್ದು.”

“ಯಾಕಜ್ಜಿ? ಚೆನ್ನಾಗಿದೆಯಲ್ಲ?”

ಅಜ್ಜಿ ಉತ್ತರ ಕೊಡಲಿಲ್ಲ. ಹೊಳೆಯ ಮೇಲ್ಗಡೆಗೆ, ಹುಣಸೂರಿನ ದಿಕ್ಕಿಗೆ, ಒಮ್ಮೆ ನೋಡಿದರು. ಆಗ ನನಗೆ ಬೆಳಗ್ಗೆಯಿಂದ ಕಂಡೂ ಕಾಣದಂತಿದ್ದದ್ದು ಕಂಡಿತು. ದಡಕ್ಕೆ ತಗುಲಿದ ಪ್ಲಾಸ್ಟಿಕ್ಕು, ನಿಂತ ನೀರಿನ ಮೂಲೆಯಲ್ಲಿ ಹೆಣೆದುಕೊಂಡ ಅಂತರಗಂಗೆ, ಗಾಳಿ ತಿರುಗಿದಾಗ ಬರುತ್ತಿದ್ದ ವಾಸನೆ. ಕಟ್ಟೆಯ ಕೆಳಗಿನ ನೊರೆಯೆಲ್ಲ ಬೀಳುವ ನೀರಿನ ನೊರೆಯಲ್ಲ.

ಮೇಷ್ಟ್ರು ಮಗಳಿಗೆ ಹೇಳಿದ್ದು ಇಷ್ಟು: ಮೇಲಿನ ಪಟ್ಟಣದ ಮೋರಿಗಳ ನೀರು ಹೊಳೆಗೆ ಸೇರುತ್ತದೆ ಪುಟ್ಟಿ, ಅದಕ್ಕೆ. ಅವಳ ಮುಂದಿನ ಪ್ರಶ್ನೆ, “ಈ ನೀರು ಎಲ್ಲಿಗೆ ಹೋಗುತ್ತೆ?” ಮುಂದೆ ಹರಿದು ಸಾಗರಕಟ್ಟೆಯ ಹತ್ತಿರ ಕಾವೇರಿಯ ಹಿನ್ನೀರಿಗೆ. “ಆಮೇಲೆ?” ಅದೇ ಕನ್ನಂಬಾಡಿ ಕಟ್ಟೆಯ ನೀರು. “ಆಮೇಲೆ?” ಮೈಸೂರಿಗೆ ಕುಡಿಯುವ ನೀರು ಬರುವುದು ಕಾವೇರಿ ಮತ್ತು ಕಬಿನಿಯಿಂದ. ನಮ್ಮ ಬಡಾವಣೆಗೆ ಕಾವೇರಿಯದು. ಮಗಳು ಒರತೆಯನ್ನೂ ನಮ್ಮೆಲ್ಲರ ಮುಖವನ್ನೂ ನೋಡಿದಳು. ನಮ್ಮ ಮನೆಯ ನಲ್ಲಿಗೂ ಈ ಗುಳಿಗೂ ನಂಟಿದೆ ಎಂಬುದು ಅವಳಿಗೆ ಬೇಸರದ ವಿಷಯವಾಗಿ ತೋರಲಿಲ್ಲ, ಅಚ್ಚರಿಯಾಗಿ ತೋರಿತು. “ಹಾಗಾದ್ರೆ ನಾವು ಅಜ್ಜಿ ಊರಿನ ನೀರು ಕುಡೀತೀವಾ!” ಎಂದಳು. ಅಜ್ಜಿ ಕಣ್ಣು ಒರೆಸಿಕೊಂಡರು. ತವರಿನ ನೀರನ್ನೇ ಇಷ್ಟು ವರ್ಷ ಕುಡಿದದ್ದು ಅವರಿಗೂ ಆಗಲೇ ಹೊಳೆದಿರಬೇಕು.

ಸಂಜೆ ಹೊರಡುವಾಗ ಬೆಳ್ಳಕ್ಕಿಗಳು ಸಾಲುಸಾಲಾಗಿ ಹೊಳೆಯ ಮೇಲೆ ಹಾರಿಬಂದು ಕಟ್ಟೆಯ ಪಕ್ಕದ ಮರಕ್ಕೆ ಇಳಿಯುತ್ತಿದ್ದವು. ಒಂದು ಮಿಂಚುಳ್ಳಿ ನೀರಿಗೆ ತಾಗುವಷ್ಟು ಕೆಳಗೆ ನೀಲಿ ಗೆರೆ ಎಳೆದು ಹೋಯಿತು. ಬದುವಿನ ಮೇಲೆ ಮಗಳು ಅಪ್ಪನ ಹೆಗಲೇರಿ, ಕಟ್ಟೆಯ ಸದ್ದು ಕೇಳದಾಗುವವರೆಗೂ ಹಿಂದಕ್ಕೇ ತಿರುಗಿ ಕುಳಿತಿದ್ದಳು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಕಲುಷಿತ ನದಿಪಾತ್ರಗಳನ್ನು ಗುರುತಿಸಿತು. ಅವುಗಳಲ್ಲಿ 17 ಕರ್ನಾಟಕದವು. ಆ ಹದಿನೇಳರಲ್ಲಿ ಲಕ್ಷ್ಮಣತೀರ್ಥವೂ ಒಂದು, ಹುಣಸೂರಿನಿಂದ ಕಟ್ಟೆಮಳಲವಾಡಿಯವರೆಗೆ. ನೀವು ನಾಗರಹೊಳೆಗೆ ಹೋಗುವವರಾದರೆ ಒಂದು ಭಾನುವಾರ ಈ ಕಟ್ಟೆಗೂ ಎತ್ತಿಡಿ. ಮಕ್ಕಳನ್ನು ಕರೆದೊಯ್ಯಿರಿ, ಮರಳಿನಲ್ಲಿ ಒರತೆ ತೋಡಿಸಿ. ಮೋರಿಯ ನೀರನ್ನು ಸೋಸದೆ ಹೊಳೆಗೆ ಬಿಡಕೂಡದು ಎಂದು ಹುಣಸೂರಿನವರು ಕೇಳುವಾಗ ಅವರ ಜೊತೆ ಮೈಸೂರಿನವರಾದ ನಾವೂ ನಿಂತು ಕೇಳಬೇಕು. ಆ ನೀರು ನಮ್ಮದೂ ಹೌದು.